ಒಳಉಡುಪು, ಚರ್ಮ ಮತ್ತು ನಮ್ಮ ನಾಚಿಕೆ



"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳಿದ್ದೇವೆ. ಉಣ್ಣುವುದು ನಮ್ಮ ನಾಲಿಗೆಗೆ ಹಿಡಿಸುವಂತಿರಲಿ, ಉಡುವುದು ನೋಡುವವರ ಕಣ್ಣಿಗೆ ಒಪ್ಪುವಂತಿರಲಿ ಎಂಬುದು ಅದರ ತಾತ್ಪರ್ಯ. ಆದರೆ ಈ ಗಾದೆಯನ್ನು ಕಟ್ಟಿದ ಹಿರಿಯರು ಒಂದು ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಯಾರ ನೋಟಕ್ಕೂ ಬೀಳದ, ಆದರೆ ದಿನದ ಬಹುಪಾಲು ನಮ್ಮ ಮೈಗೆ ಅಂಟಿಕೊಂಡೇ ಇರುವ ಬಟ್ಟೆ ಅದು: ಒಳಉಡುಪು. ಪರರ ನೋಟಕ್ಕೇ ಬೀಳದ ಮೇಲೆ ಅದು ಪರರ ಇಚ್ಛೆಗೆ ಏಕೆ ಒಳಪಡಬೇಕು? ನ್ಯಾಯವಾಗಿ ಅದು ಊಟದ ಪಂಕ್ತಿಗೆ ಸೇರಬೇಕಾದುದು, ತನ್ನಿಚ್ಛೆಗೆ ಸಲ್ಲಬೇಕಾದುದು.

ಇಂಥ ವಿಷಯವನ್ನು ಮೇಡಂ ಏಕೆ ಎತ್ತಿಕೊಂಡರು ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವಳು ನಾನು. ಸಂತಾನೋತ್ಪತ್ತಿಯ ಪಾಠವನ್ನು "ಮನೆಯಲ್ಲಿ ಓದಿಕೊಳ್ಳಿ" ಎಂದು ಹಾರಿಸದೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದೇ ವಿವರಿಸಿದವಳು ಎಂಬುದು ನಿಮಗೆ ನೆನಪಿರಬಹುದು. ಆಗ ಇಲ್ಲದ ಸಂಕೋಚ ಅರವತ್ತು ದಾಟಿದ ಮೇಲೆ ಏಕೆ? ಅಲ್ಲದೆ ಈ ವಿಷಯದಲ್ಲಿ ನನ್ನದು ಪುಸ್ತಕದ ಜ್ಞಾನ ಮಾತ್ರವಲ್ಲ. ಇಪ್ಪತ್ತೆರಡು ವರ್ಷಗಳಿಂದ ನಾನು ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯೊಡನೆ ಬಾಳುತ್ತಿದ್ದೇನೆ. ನನ್ನ ಪಾಲಿಗೆ ಅದು ಮೊಣಕೈ, ಮೊಣಕಾಲುಗಳಲ್ಲಿ ಕಾಣಿಸಿಕೊಂಡದ್ದಕ್ಕಿಂತ ಹೆಚ್ಚಾಗಿ ತೊಡೆಯ ಸಂದು, ಸ್ತನಗಳ ಕೆಳಭಾಗ ಮತ್ತು ಸೊಂಟದಲ್ಲಿ ಕಾಣಿಸಿಕೊಂಡಿತು. ಅಂದರೆ ಒಳಉಡುಪು ತಾಗುವ ಜಾಗಗಳಲ್ಲಿಯೇ!

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೀರ್ಘಕಾಲದ ಚರ್ಮರೋಗವುಳ್ಳವರಿಗೆ ಹಿತವಾದ ಒಳಉಡುಪು ಎಂಬುದು ಷೋಕಿಯಲ್ಲ, ಅದು ಚಿಕಿತ್ಸೆಯ ಒಂದು ಅಂಗ. ಅದು ದೊರೆಯದಂತೆ ಅಡ್ಡ ನಿಂತಿರುವುದು ಬಹುತೇಕ ಸಂದರ್ಭಗಳಲ್ಲಿ ಹಣದ ಕೊರತೆಯೂ ಅಲ್ಲ, ವಸ್ತುವಿನ ಅಭಾವವೂ ಅಲ್ಲ. ಅಡ್ಡ ನಿಂತಿರುವುದು ನಮ್ಮ ನಾಚಿಕೆ.

ಮೊದಲು ರೋಗದ ಬಗ್ಗೆ ಎರಡು ಮಾತು. 2014ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಸೋರಿಯಾಸಿಸ್ ಕುರಿತು ಒಂದು ನಿರ್ಣಯವನ್ನು ಅಂಗೀಕರಿಸಿ, ಅದು ದೀರ್ಘಕಾಲಿಕವಾದ, ನೋವು ತರುವ, ಮತ್ತು ಒಬ್ಬರಿಂದೊಬ್ಬರಿಗೆ ಹರಡದ ಕಾಯಿಲೆ ಎಂದು ಸ್ಪಷ್ಟಪಡಿಸಿತು. ಜಗತ್ತಿನಾದ್ಯಂತ ಕನಿಷ್ಠ 10 ಕೋಟಿ ಜನರಿಗೆ ಅದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ವರದಿ ಹೇಳುತ್ತದೆ. ಇಸುಬು, ಅಂದರೆ ಎಕ್ಸಿಮಾ, ಇದರ ಇನ್ನೊಬ್ಬ ದಾಯಾದಿ. ಅದೂ ಅಂಟುಜಾಡ್ಯವಲ್ಲ. ಇವೆರಡನ್ನೂ ಬುಡಸಮೇತ ಕಿತ್ತೊಗೆಯುವ ಔಷಧಿ ಇನ್ನೂ ಇಲ್ಲ, ಆದರೆ ಹತೋಟಿಯಲ್ಲಿಡುವ ಒಳ್ಳೆಯ ಔಷಧಿಗಳಿವೆ. ಮಡಿಕೆಗಳಲ್ಲಿ ಬರುವ ಸೋರಿಯಾಸಿಸ್‌ಗೆ ಒಂದು ವಿಶೇಷವಿದೆ. ಬೇರೆಡೆ ಕಾಣುವ ಬೆಳ್ಳಿಬಣ್ಣದ ಹೊಪ್ಪಳೆ ಅಲ್ಲಿ ಇರುವುದಿಲ್ಲ. ಬೆವರಿನ ತೇವದಿಂದಾಗಿ ಚರ್ಮ ನುಣ್ಣಗೆ, ಕೆಂಪಗೆ, ಹೊಳೆಯುವಂತೆ ಕಾಣುತ್ತದೆ. ಅನೇಕರು ಅದನ್ನು ಹುಳುಕಡ್ಡಿಯೆಂದೇ ಭ್ರಮಿಸಿ ಅಂಗಡಿಯಿಂದ ತಾವೇ ಮುಲಾಮು ತಂದು ಹಚ್ಚಿಕೊಳ್ಳುತ್ತಾರೆ.

ಇನ್ನು ಬಟ್ಟೆಗೂ ಈ ರೋಗಕ್ಕೂ ಇರುವ ಸಂಬಂಧ. 1870ರ ದಶಕದಲ್ಲಿ ಹೈನ್ರಿಖ್ ಕೋಬ್ನರ್ ಎಂಬ ಜರ್ಮನ್ ಚರ್ಮವೈದ್ಯರು ಒಂದು ಸಂಗತಿಯನ್ನು ಗುರುತಿಸಿದರು. ಸೋರಿಯಾಸಿಸ್ ಇರುವವರಲ್ಲಿ ಆರೋಗ್ಯವಾಗಿದ್ದ ಚರ್ಮಕ್ಕೆ ಗೀರು, ಗಾಯವಾದರೆ ಅದೇ ಜಾಗದಲ್ಲಿ ಹೊಸದಾಗಿ ರೋಗದ ಮಚ್ಚೆ ಮೂಡುತ್ತದೆ. ಇಂದಿಗೂ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಅವರ ಹೆಸರೇ ಉಳಿದಿದೆ. ಕೆಲವರಲ್ಲಿ ಬಿಗಿಯಾದ ಬಟ್ಟೆಯ ಉಜ್ಜುವಿಕೆಯೂ ಇಂಥ ಗಾಯದ ಕೆಲಸವನ್ನೇ ಮಾಡುತ್ತದೆ. ತೊನ್ನಿನಲ್ಲಿಯೂ ಈ ಗುಣ ಕಾಣುತ್ತದೆ. ನನ್ನ ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಗೆರೆಯುದ್ದಕ್ಕೂ ಅಳತೆಪಟ್ಟಿ ಇಟ್ಟು ಎಳೆದಂತೆ ಕೆಂಪು ಪಟ್ಟಿ ಮೂಡಿದಾಗ ನನಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಎರಡನೆಯದು, ಬಿಗಿಯಾದ, ಗಾಳಿಯಾಡದ ಬಟ್ಟೆಯೊಳಗೆ ಬೆವರು ನಿಲ್ಲುತ್ತದೆ. ತೇವದಲ್ಲಿ ನೆನೆದ ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ. ಮೂರನೆಯದು ಔಷಧಿಗೆ ಸಂಬಂಧಿಸಿದ್ದು. ದೇಹದ ಎಲ್ಲ ಭಾಗದ ಚರ್ಮವೂ ಮುಲಾಮನ್ನು ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಹಚ್ಚಿ ಅಳೆದಾಗ, ಪುರುಷರ ವೃಷಣಕೋಶದ ಚರ್ಮ ಮುಂಗೈ ಚರ್ಮಕ್ಕಿಂತ ಸುಮಾರು 42 ಪಟ್ಟು ಹೆಚ್ಚು ಹೀರಿತು! ಮೊದಲೇ ಇಷ್ಟು ಹೀರುವ ಜಾಗದ ಮೇಲೆ ಬಿಗಿಯಾದ ನೈಲಾನ್ ಬಟ್ಟೆಯನ್ನು ಮುಚ್ಚಿದರೆ ಔಷಧಿಯ ಪರಿಣಾಮವೂ ದುಷ್ಪರಿಣಾಮವೂ ಇನ್ನಷ್ಟು ಹೆಚ್ಚುತ್ತವೆ. ಆದ್ದರಿಂದ ಯಾವ ಮುಲಾಮು ಎಂಬ ಪ್ರಶ್ನೆಯ ಜೊತೆಗೇ, ಅದರ ಮೇಲೆ ಯಾವ ಬಟ್ಟೆ ಎಂಬ ಪ್ರಶ್ನೆಯೂ ಬರಬೇಕು. ಚೀಟಿ ಬರೆಯುವ ವೈದ್ಯರು ಈ ಎರಡನೆಯ ಪ್ರಶ್ನೆಯನ್ನು ಕೇಳುವುದು ಅಪರೂಪ, ನಾವು ತಾವಾಗಿಯೇ ಹೇಳುವುದು ಇನ್ನೂ ಅಪರೂಪ.

ಹಾಗಾದರೆ ಯಾವ ಬಟ್ಟೆ ಒಳ್ಳೆಯದು? ಎಲ್ಲರೂ ಹತ್ತಿ ಎನ್ನುತ್ತಾರೆ. ಏಕೆ ಎಂಬುದನ್ನು ಅಂಕಿಗಳಲ್ಲಿ ನೋಡೋಣ. ಪೂರ್ತಿ ಒಣಗಿಸಿದ 100 ಗ್ರಾಂ ಹತ್ತಿಯನ್ನು ಸಾಮಾನ್ಯ ಆರ್ದ್ರತೆಯ ಗಾಳಿಯಲ್ಲಿ ಇಟ್ಟರೆ ಅದು ಸುಮಾರು 8 ಗ್ರಾಂ ತೇವವನ್ನು ಹೀರಿಕೊಳ್ಳುತ್ತದೆ. ನೈಲಾನ್ ಸುಮಾರು 4 ಗ್ರಾಂ ಹೀರುತ್ತದೆ, ಪಾಲಿಯೆಸ್ಟರ್ ಅರ್ಧ ಗ್ರಾಮಿಗಿಂತಲೂ ಕಡಿಮೆ. ಎಂದರೆ ಹತ್ತಿಯ ನೂಲು ಚರ್ಮದ ತೇವವನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ, ಪಾಲಿಯೆಸ್ಟರ್ ನೂಲು ಎಳೆದುಕೊಳ್ಳುವುದಿಲ್ಲ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಉಣ್ಣೆ ಹತ್ತಿಗಿಂತ ಹೆಚ್ಚು, ಸುಮಾರು 16 ಗ್ರಾಂ ಹೀರುತ್ತದೆಯಾದರೂ ಅದರ ಒರಟು ಎಳೆಗಳು ಇಸುಬಿನ ಚರ್ಮವನ್ನು ಚುಚ್ಚಿ ಕೆರಳಿಸುತ್ತವೆ. ಹೀರುವ ಶಕ್ತಿಯೊಂದೇ ಸಾಲದು, ನಯವೂ ಬೇಕು. ಹಾಗೆಯೇ ಹತ್ತಿ ಹೀರಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಬೆವರಿನಿಂದ ತೊಯ್ದ ಹತ್ತಿಯ ಚಡ್ಡಿಯನ್ನು ಸಂಜೆಯವರೆಗೂ ಧರಿಸಿದರೆ ಅದು ಒದ್ದೆ ಬಟ್ಟೆಯನ್ನು ಕಟ್ಟಿಕೊಂಡಂತೆಯೇ. ಆದ್ದರಿಂದ "ಹತ್ತಿ ಧರಿಸಿ" ಎಂಬುದು ಅರ್ಧ ವಾಕ್ಯ. "ಹತ್ತಿ ಧರಿಸಿ, ಒದ್ದೆಯಾದೊಡನೆ ಬದಲಿಸಿ" ಎಂಬುದು ಪೂರ್ಣ ವಾಕ್ಯ. ಮಧ್ಯಾಹ್ನ ಬದಲಿಸಲು ಕೈಚೀಲದಲ್ಲಿ ಇನ್ನೊಂದನ್ನು ಇಟ್ಟುಕೊಳ್ಳುವುದರಲ್ಲಿ ಯಾವ ಅಗೌರವವೂ ಇಲ್ಲ.

ರೇಷ್ಮೆಯ ವಿಷಯವನ್ನೂ ಹೇಳಬೇಕು, ಏಕೆಂದರೆ ರೇಷ್ಮೆ ನಮ್ಮ ನಾಡಿನ ಹೆಮ್ಮೆ. ಇಸುಬಿಗೆಂದೇ ತಯಾರಿಸಿದ ದುಬಾರಿ ರೇಷ್ಮೆಯ ಒಳಉಡುಪುಗಳು ವಿದೇಶಗಳಲ್ಲಿ ಮಾರಾಟಕ್ಕಿವೆ. ಅಲ್ಲಿರುವ ನನ್ನ ವಿದ್ಯಾರ್ಥಿಯೊಬ್ಬರು ತಮ್ಮ ಮಗುವಿಗೆ ಕೊಳ್ಳಬೇಕೇ ಎಂದು ನನ್ನನ್ನು ಕೇಳಿದ್ದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ನೇತೃತ್ವದಲ್ಲಿ 1ರಿಂದ 15 ವರ್ಷದ 300 ಮಕ್ಕಳ ಮೇಲೆ ಆರು ತಿಂಗಳ ಕಾಲ ಒಂದು ಪ್ರಯೋಗ ನಡೆದು, 2017ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದ ಮಕ್ಕಳಿಗೂ, ಅದರ ಜೊತೆಗೆ ಆ ರೇಷ್ಮೆಯ ಉಡುಪನ್ನು ಧರಿಸಿದ ಮಕ್ಕಳಿಗೂ ರೋಗದ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರಿಂದ ನಾನು ಕಲಿತ ನೀತಿ ಇಷ್ಟೇ: ಬೆಲೆ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬ ನಂಬಿಕೆ ಚರ್ಮದ ಮಟ್ಟಿಗೆ ಸಲ್ಲದು. ಹಲವು ಬಾರಿ ಒಗೆದು ಮೆತ್ತಗಾದ ಹಳೆಯ ಪಂಚೆಯನ್ನು ಕತ್ತರಿಸಿ ಹೊಲಿಸಿದ ಚಡ್ಡಿ ಎಷ್ಟೋ ಸಲ ಅಂಗಡಿಯ ಮಿರುಗುವ ಪೆಟ್ಟಿಗೆಯೊಳಗಿನ ಚಡ್ಡಿಗಿಂತ ಹಿತವಾಗಿರುತ್ತದೆ.

ಬಟ್ಟೆಯಷ್ಟೇ ಮುಖ್ಯವಾದುದು ಅದರ ಅಂಚು. ಬಹುಪಾಲು ತೊಂದರೆ ಬಟ್ಟೆಯ ನಡುವಿನಿಂದಲ್ಲ, ಎಲಾಸ್ಟಿಕ್, ಹೊಲಿಗೆ, ಬಣ್ಣ ಮತ್ತು ಪಟ್ಟಿಚೀಟಿಗಳಿಂದ ಬರುತ್ತದೆ. ಎಲಾಸ್ಟಿಕ್ಕಿನೊಳಗಿನ ರಬ್ಬರನ್ನು ಹದಗೊಳಿಸಲು ಬಳಸುವ ಥೈರಾಮ್ ಮೊದಲಾದ ರಾಸಾಯನಿಕಗಳು ಕೆಲವರಿಗೆ ಒಗ್ಗುವುದಿಲ್ಲ. ಬ್ಲೀಚ್ ಹಾಕಿ ಒಗೆದರೆ ರಬ್ಬರಿನೊಳಗಿನ ರಾಸಾಯನಿಕವು ಮಾರ್ಪಟ್ಟು, ಅದುವರೆಗೆ ಸುಮ್ಮನಿದ್ದ ಎಲಾಸ್ಟಿಕ್ಕೇ ಅಲರ್ಜಿ ತರಬಹುದು. ರಬ್ಬರನ್ನು ಬಟ್ಟೆಯೊಳಗೆ ಪೂರ್ತಿ ಮುಚ್ಚಿ ಹೊಲಿದಿರುವಂಥದನ್ನು ಆರಿಸಿಕೊಳ್ಳುವುದು ಲೇಸು. ಪಾಲಿಯೆಸ್ಟರಿಗೆ ಕಡುನೀಲಿ, ಕಪ್ಪು ಬಣ್ಣ ಕೊಡಲು ಬಳಸುವ ಡಿಸ್ಪರ್ಸ್ ವರ್ಗದ ಕೆಲವು ಬಣ್ಣಗಳು ಅಲರ್ಜಿಗೆ ಹೆಸರಾದವು. ಅದಕ್ಕಾಗಿಯೇ ಬಿಳಿ ಅಥವಾ ತಿಳಿಬಣ್ಣ ಮೇಲು. ಹೊಲಿಗೆಯ ಗಂಟುಗಳು ಚುಚ್ಚಿದರೆ ಒಳಉಡುಪನ್ನು ಒಳಮೈ ಹೊರಗಾಗುವಂತೆ ತಿರುಗಿಸಿ ಧರಿಸಿರಿ. ಯಾರಿಗೂ ಕಾಣುವುದಿಲ್ಲ, ಚರ್ಮಕ್ಕೆ ಮಾತ್ರ ಗೊತ್ತಾಗುತ್ತದೆ! ಹೊಸ ಬಟ್ಟೆಯನ್ನು ಒಗೆಯದೆ ಧರಿಸಲೇಬೇಡಿ.

ಅಳತೆಯ ವಿಷಯದಲ್ಲಿ ನನ್ನ ಪರೀಕ್ಷೆ ಬಹು ಸರಳ. ರಾತ್ರಿ ಬಟ್ಟೆ ಬದಲಿಸುವಾಗ ಸೊಂಟದಲ್ಲಿಯೂ ತೊಡೆಯ ಬುಡದಲ್ಲಿಯೂ ಎಲಾಸ್ಟಿಕ್ಕಿನ ಗುರುತು ಹಳ್ಳದಂತೆ ಬಿದ್ದಿದ್ದರೆ ಆ ಉಡುಪು ನಿಮಗೆ ಚಿಕ್ಕದು. ಪೆಟ್ಟಿಗೆಯ ಮೇಲಿನ ಸಂಖ್ಯೆ ಏನನ್ನಾದರೂ ಹೇಳಲಿ. ಪುರುಷರಿಗೆ ನಾನು ಹೇಳುವುದು: ನಿಮ್ಮ ಅಜ್ಜಂದಿರ ಪಟಾಪಟಿ ಚಡ್ಡಿಯನ್ನು ನೋಡಿ ನಗಬೇಡಿ. ಸಡಿಲ, ಹತ್ತಿ, ಗಾಳಿಯಾಟ, ತೊಡೆಗೂ ತೊಡೆಗೂ ನಡುವೆ ಒಂದು ಪದರ ಬಟ್ಟೆ. ಚರ್ಮವೈದ್ಯರು ಬಯಸುವ ಎಲ್ಲ ಲಕ್ಷಣಗಳೂ ಅದರಲ್ಲಿವೆ. ಅದರ ಮೇಲೆ ಬಿಗಿಯಾದ ಜೀನ್ಸ್ ಹಾಕಿದರೆ ಮಾತ್ರ ಆ ಪುಣ್ಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಮಹಿಳೆಯರಿಗೆ ಹೇಳುವುದು: ತಂತಿಯಿಲ್ಲದ, ಅಗಲ ಪಟ್ಟಿಯ ಮೆತ್ತನೆಯ ಹತ್ತಿಯ ಬ್ರಾ ಸಾಕು. ಮಡಿಕೆಯಲ್ಲಿ ಹುಣ್ಣಾಗಿದ್ದರೆ ಹಳೆಯ ಮಲ್ಲು ಬಟ್ಟೆಯ ತುಂಡೊಂದನ್ನು ಅಲ್ಲಿ ಇಟ್ಟುಕೊಂಡು ಆಗಾಗ ಬದಲಿಸಿರಿ. ಮನೆಯೊಳಗೆ, ರಾತ್ರಿ ನಿದ್ರೆಯಲ್ಲಿ, ಒಳಉಡುಪನ್ನು ತೊಡಲೇಬೇಕೆಂಬ ಶಾಸ್ತ್ರವಿಲ್ಲ.

ಸೀರೆ ಉಡುವವರು ಲಂಗದ ಲಾಡಿಯ ಬಗ್ಗೆ ಎಚ್ಚರ ವಹಿಸಬೇಕು. ತೆಳ್ಳನೆಯ ದಾರವನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದರೆ ಚರ್ಮ ಕಪ್ಪಾಗಿ, ಒರಟಾಗಿ, ಕೆಲವೊಮ್ಮೆ ಹುಣ್ಣಾಗುತ್ತದೆ. ತೀರಾ ಅಪರೂಪಕ್ಕೆ ಅಂಥ ಮಾಯದ ಹುಣ್ಣು ಕ್ಯಾನ್ಸರಿಗೂ ತಿರುಗಿದ್ದುಂಟು. ಬಿಗಿಯಾಗಿ ಧೋತಿ ಉಡುವವರ ಸೊಂಟದಲ್ಲಿ ಬರುವ ಇಂಥ ಕ್ಯಾನ್ಸರನ್ನು 1945ರಷ್ಟು ಹಿಂದೆಯೇ ಮುಂಬಯಿಯ ಡಾ. ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಅವರು ದಾಖಲಿಸಿದ್ದರು. 2024ರಲ್ಲಿ ಸೀರೆ ಉಡುವ ಇಬ್ಬರು ವಯಸ್ಸಾದ ಮಹಿಳೆಯರ ಇಂಥ ಪ್ರಕರಣಗಳು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದವು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಪರಿಹಾರ ಸುಲಭವಾಗಿದೆ ಎನ್ನಲು ಹೇಳುತ್ತಿದ್ದೇನೆ: ದಾರದ ಬದಲು ಎರಡು ಅಂಗುಲ ಅಗಲದ ಬಟ್ಟೆಯ ಪಟ್ಟಿ, ಕಟ್ಟುವ ಎತ್ತರವನ್ನು ದಿನದಿನಕ್ಕೆ ಸ್ವಲ್ಪ ಬದಲಿಸುವುದು, ಮನೆಗೆ ಬಂದೊಡನೆ ಸಡಿಲಿಸುವುದು. ನಮ್ಮೂರಿನ ದರ್ಜಿ ನನಗೆ ಇಂಥ ಆರು ಲಂಗಗಳನ್ನು ಹೊಲಿದುಕೊಟ್ಟ ಮೇಲೆ ನನ್ನ ಸೊಂಟದ ಆ ಪಟ್ಟಿ ಕೆಲವು ತಿಂಗಳಲ್ಲಿ ಮಸುಕಾಯಿತು. ಔಷಧಿ ಅದೇ ಇತ್ತು, ಲಾಡಿ ಮಾತ್ರ ಬದಲಾಗಿತ್ತು.

ಈಗ ನಾಚಿಕೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳ ಹಿತ್ತಿಲಿನ ತಂತಿಯನ್ನೊಮ್ಮೆ ನೋಡಿ. ಗಂಡಸರ ಬನಿಯನ್ನು, ಚಡ್ಡಿಗಳು ರಾಜಾರೋಷವಾಗಿ ಬಿಸಿಲಿಗೆ ತೂಗಾಡುತ್ತಿರುತ್ತವೆ. ಹೆಣ್ಣುಮಕ್ಕಳ ಒಳಉಡುಪುಗಳೆಲ್ಲಿ? ಲಂಗದ ಕೆಳಗೆ, ಟವೆಲ್ಲಿನ ಮರೆಯಲ್ಲಿ, ಬಚ್ಚಲಮನೆಯ ಕತ್ತಲ ಮೂಲೆಯ ಮೊಳೆಯ ಮೇಲೆ. ಬಿಸಿಲಿಲ್ಲ, ಗಾಳಿಯಿಲ್ಲ, ಅರ್ಧ ಒಣಗಿದ್ದನ್ನೇ ಮರುದಿನ ಧರಿಸುವುದು. ನಮ್ಮ ಮಲೆನಾಡಿನಲ್ಲಂತೂ ಆಷಾಢ ಶ್ರಾವಣಗಳಲ್ಲಿ ತಂತಿಯ ಮೇಲಿನ ಬಟ್ಟೆಯೇ ನಾಲ್ಕು ದಿನವಾದರೂ ಒಣಗುವುದಿಲ್ಲ. ಉಳಿದ ಬಟ್ಟೆಗಳನ್ನು ಬಚ್ಚಲೊಲೆಯ ಮೇಲಿನ ಅಟ್ಟಣಿಗೆಯಲ್ಲಿ ಹರವಿ ಒಣಗಿಸುತ್ತಾರೆ, ಆದರೆ ಸೊಸೆಯ ಒಳಉಡುಪಿಗೆ ಅಲ್ಲಿ ಜಾಗವಿಲ್ಲ! ನನ್ನ ಬಂಧುವರ್ಗದ ಹುಡುಗಿಯೊಬ್ಬಳು ಮದುವೆಯಾಗಿ ಕೂಡುಕುಟುಂಬವೊಂದಕ್ಕೆ ಹೋದ ಮೊದಲ ಮಳೆಗಾಲದಲ್ಲಿ, ಹಸಿ ಬಟ್ಟೆಯನ್ನು ಹಾಸಿಗೆಯ ಕೆಳಗೆ ಹರವಿ ಒಣಗಿಸುತ್ತಿದ್ದಳಂತೆ. ತೊಡೆಯ ಸಂದಿನಲ್ಲಿ ಹುಳುಕಡ್ಡಿ ಹಬ್ಬಿ, ನಡೆಯಲಾರದಂತಾದ ಮೇಲೆ ತಾಯಿಗೆ ಹೇಳಿದಳು. ಅದುವರೆಗಿನ ಐದು ತಿಂಗಳು ಆಕೆ ಯಾರಿಗೂ ಬಾಯಿಬಿಡಲಿಲ್ಲ.

ಹುಳುಕಡ್ಡಿ ಎಂಬುದು ಶಿಲೀಂಧ್ರದ ಸೋಂಕು. ಸೋರಿಯಾಸಿಸ್‌ನಂತಲ್ಲದೆ ಇದು ಖಂಡಿತ ಅಂಟುತ್ತದೆ. ಒಬ್ಬರ ಟವೆಲ್, ಒಳಉಡುಪುಗಳ ಮೂಲಕ ಇಡೀ ಮನೆಗೆ ಹರಡುತ್ತದೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಇದು ಸುಲಭವಾಗಿ ಔಷಧಿಗೆ ಬಗ್ಗದಷ್ಟು ಮೊಂಡಾಗಿದೆ. ಅಂಥ ಮೊಂಡು ಶಿಲೀಂಧ್ರವೊಂದಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೋಫೈಟನ್ ಇಂಡೋಟಿನಿಯೇ ಎಂದು ನಮ್ಮ ದೇಶದ ಹೆಸರು ಸೇರಿದ ಹೆಸರನ್ನೇ ಇಟ್ಟರು. ಇಂಥ ಕೀರ್ತಿ ನಮಗೆ ಬೇಕಿತ್ತೇ? ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ವೈದ್ಯರ ಸಲಹೆಯಿಲ್ಲದೆ ಹಚ್ಚುವ ಚಾಳಿ ಇದಕ್ಕೆ ದೊಡ್ಡ ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಹಚ್ಚಿದೊಡನೆ ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೆ ಚೀಟಿ ಬೇಕೆಂದರೆ ವೈದ್ಯರ ಬಳಿ ಹೋಗಬೇಕು, ಹೋದರೆ ತೋರಿಸಬೇಕು, ತೋರಿಸಲು ನಾಚಿಕೆ. ನಾಚಿಕೆ ಎಂಬುದು ಕೇವಲ ಒಂದು ಭಾವನೆಯಲ್ಲ, ಅದೂ ರೋಗ ಹರಡುವ ಒಂದು ಮಾರ್ಗವೇ ಎಂದು ನಾನು ಹೇಳಿದರೆ ಅತಿಶಯೋಕ್ತಿಯಾದೀತೇ?

ಒಗೆಯುವ ಕ್ರಮವೂ ಮುಖ್ಯ. ಸೋಂಕು ಇರುವವರ ಒಳಉಡುಪನ್ನು ಪ್ರತ್ಯೇಕವಾಗಿ, ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಮಳೆಗಾಲದಲ್ಲಿ ಇಸ್ತ್ರಿ ಮಾಡಿ ತೇವ ಕಳೆಯಬೇಕು. ಸೋರಿಯಾಸಿಸ್, ಇಸುಬು ಇರುವವರು ಸೋಪಿನ ಪುಡಿಯ ಅಂಶ ಉಳಿಯದಂತೆ ಇನ್ನೊಂದು ಸಲ ಹೆಚ್ಚಾಗಿ ಜಾಲಿಸಬೇಕು. ಪರಿಮಳದ ದ್ರಾವಣಗಳು ಬೇಡವೇ ಬೇಡ. ಇನ್ನೊಂದು ಸಂಗತಿಯನ್ನು ಅಡುಗೆಮನೆಯಲ್ಲಿ ಕೆಲಸ ಮಾಡುವವರೆಲ್ಲರೂ ನೆನಪಿಡಿ. ನಾವು ಹಚ್ಚುವ ಪ್ಯಾರಾಫಿನ್, ವ್ಯಾಸಲೀನ್ ಮುಂತಾದ ಜಿಡ್ಡಿನ ಮುಲಾಮುಗಳು ಬಟ್ಟೆಗೆ ಹೀರಿ ಒಣಗಿದರೆ ಆ ಬಟ್ಟೆಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಮುಲಾಮಿನ ಕಲೆ ಹಿಡಿದ ಬಟ್ಟೆ ತೊಟ್ಟು ಗ್ಯಾಸ್ ಒಲೆ, ದೇವರ ದೀಪಗಳ ಬಳಿ ನಿಲ್ಲಬೇಡಿ. ಜಿಡ್ಡಿನಲ್ಲಿ ನೆನೆದ ಹಳೆಯ ಒಳಉಡುಪನ್ನು ಜಿಪುಣತನ ಮಾಡದೆ ಬಿಸಾಡಿ.

ಶಾಲೆಗಳ ಬಗ್ಗೆ ಹೇಳದಿದ್ದರೆ ನನ್ನ ಮಾತು ಪೂರ್ಣವಾಗದು. ನಾನು ಕೆಲಸ ಮಾಡಿದ ಶಾಲೆಗಳಲ್ಲೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿದ್ದ. ಮೈತುಂಬ ಇಸುಬು. ದಪ್ಪ ಟೆರಿಕಾಟ್ ಸಮವಸ್ತ್ರ, ಅದರೊಳಗೆ ಬಿಗಿಯಾದ ನೈಲಾನ್ ಚಡ್ಡಿ. ಆಟದ ಪಿರಿಯಡ್ ಮುಗಿದ ಮೇಲೆ ಅವನಿಗೆ ಸುಮ್ಮನೆ ಕೂರಲಾಗುತ್ತಿರಲಿಲ್ಲ. ಸಹಪಾಠಿಗಳು ಅವನಿಗೊಂದು ಅಡ್ಡಹೆಸರಿಟ್ಟರು. ಶಿಸ್ತಿನ ಹೆಸರಿನಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಸಡಿಲವಾದ ಹತ್ತಿಯ ಪ್ಯಾಂಟು ಹಾಕಿಕೊಂಡು ಬರಲು ತಾಯಿ ಅನುಮತಿ ಕೇಳಿದಾಗ, ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂಬ ಉತ್ತರ ಬಂತು. ಸಿಬ್ಬಂದಿ ಸಭೆಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: "ಕನ್ನಡಕ ಬೇಕಾದ ಮಗುವಿಗೆ ಕನ್ನಡಕ ಕೊಟ್ಟರೆ ಎಲ್ಲರೂ ಕನ್ನಡಕ ಕೇಳುತ್ತಾರೆಯೇ?" ಅನುಮತಿ ಸಿಗಲು ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ಆ ಹುಡುಗ ಆಟ ಆಡುವುದನ್ನೇ ಬಿಟ್ಟುಬಿಟ್ಟಿದ್ದ. ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ, ಶಾಲಾ ಸಮಿತಿಗಳಲ್ಲಿದ್ದೀರಿ. ವೈದ್ಯರ ಚೀಟಿಯಿರುವ ಮಗುವಿಗೆ ಅದೇ ಬಣ್ಣದ ಹತ್ತಿಯ ಸಮವಸ್ತ್ರ, ಆಟದ ನಂತರ ಒಳಉಡುಪು ಬದಲಿಸಲು ಚಿಲಕವಿರುವ ಒಂದು ಕೋಣೆ, ಐದು ನಿಮಿಷ ಸಮಯ. ಇವಿಷ್ಟನ್ನು ಕೊಡಲು ಯಾವ ಸರ್ಕಾರಿ ಅನುದಾನವೂ ಬೇಕಿಲ್ಲ.

"ಹೊಟ್ಟೆಗೆ ಹಿಟ್ಟಿಲ್ಲದವರಿರುವ ದೇಶದಲ್ಲಿ ಒಳಚಡ್ಡಿಯ ಚರ್ಚೆಯೇ?" ಎಂದು ನನ್ನ ಹಿರಿಯ ಬಂಧುಗಳೊಬ್ಬರು ಒಮ್ಮೆ ಛೇಡಿಸಿದರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ದುಬಾರಿ ಸರಕನ್ನು ಕೊಳ್ಳಿರೆಂದು ನಾನು ಹೇಳಿದ್ದರೆ ಆ ಆಕ್ಷೇಪಣೆ ನಿಲ್ಲುತ್ತಿತ್ತು. ನಾನು ಹೇಳುತ್ತಿರುವುದು ಹಳೆಯ ಪಂಚೆ, ಅಗಲ ಪಟ್ಟಿ, ಬಿಸಿಲು, ಬಿಸಿನೀರು ಮತ್ತು ಒಂದಿಷ್ಟು ಮಾತು. ಇವೆಲ್ಲವೂ ಬಡವರ ಕೈಗೂ ಎಟುಕುವಂಥವು. ನಿಜವಾಗಿ ನೋಡಿದರೆ, ಬಿಸಿಲಲ್ಲಿ ಗದ್ದೆ ಕೆಲಸ ಮಾಡುವವರು, ದಿನವಿಡೀ ಬಸ್ಸು ಓಡಿಸುವವರು, ಗಾರ್ಮೆಂಟ್ ಕಾರ್ಖಾನೆಯಲ್ಲಿ ಕುಳಿತು ಹೊಲಿಯುವ ಹೆಣ್ಣುಮಕ್ಕಳು, ಇವರಿಗೇ ಈ ಹಿತ ಹೆಚ್ಚು ಬೇಕಾದದ್ದು. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವರಿಗೆ ಬೆವರೇ ಇಲ್ಲವಲ್ಲ!

ವಿಜ್ಞಾನದ ಶಿಕ್ಷಕಿಯಾಗಿ ಒಂದು ಸಲಹೆ. ನನಗೆ ಹಿತವಾದದ್ದು ನಿಮಗೂ ಹಿತವಾಗಬೇಕೆಂಬ ನಿಯಮವಿಲ್ಲ. ಆದ್ದರಿಂದ ಡಜನ್‌ಗಟ್ಟಲೆ ಕೊಳ್ಳುವ ಮೊದಲು ಒಂದೇ ಒಂದನ್ನು ಕೊಂಡು, ಒಗೆದು, ಒಂದು ವಾರ ಧರಿಸಿ ನೋಡಿ. ಬಟ್ಟೆ, ಸೋಪು, ಮುಲಾಮು ಮೂರನ್ನೂ ಒಂದೇ ಸಲ ಬದಲಿಸಬೇಡಿ, ಬದಲಿಸಿದರೆ ಗುಣ ಯಾವುದರಿಂದ ಎಂಬುದು ತಿಳಿಯದು. ಒಂದು ಸಮಯಕ್ಕೆ ಒಂದೇ ಬದಲಾವಣೆ, ಉಳಿದುದೆಲ್ಲ ಸ್ಥಿರ. ಪ್ರಯೋಗಾಲಯದಲ್ಲಿ ನಿಮಗೆ ಕಲಿಸಿದ್ದು ಇದನ್ನೇ ಅಲ್ಲವೇ? ಮತ್ತು ಒಳಉಡುಪು ಔಷಧಿಗೆ ಪರ್ಯಾಯವಲ್ಲ ಎಂಬುದನ್ನೂ ಮರೆಯಬೇಡಿ. ಕೀವು, ದುರ್ವಾಸನೆ, ಮಾಯದ ಹುಣ್ಣು, ಮತ್ತೆ ಮತ್ತೆ ಏಳುವ ಕುರು ಇವುಗಳಲ್ಲಿ ಯಾವುದು ಕಂಡರೂ ಚರ್ಮವೈದ್ಯರ ಬಳಿಗೆ ಹೋಗಿ, ಮರೆಮಾಚದೆ ತೋರಿಸಿ. ಅವರು ದಿನಕ್ಕೆ ಎಷ್ಟೋ ಜನರನ್ನು ನೋಡುವವರು, ನಮ್ಮ ಚರ್ಮ ಅವರಿಗೆ ಹೊಸದಲ್ಲ.

ಕೊನೆಯಲ್ಲಿ ನಿಮ್ಮೆಲ್ಲರಲ್ಲಿ ನನ್ನದೊಂದು ವಿನಂತಿ. ಅತ್ತೆಯಂದಿರೂ ಮಾವಂದಿರೂ ಆಗಿರುವ ನನ್ನ ವಯಸ್ಸಿನವರೇ, ಈ ಭಾನುವಾರ ನಿಮ್ಮ ಹಿತ್ತಿಲಿನಲ್ಲೋ ಮಹಡಿಯ ಮೇಲೋ ಚೆನ್ನಾಗಿ ಬಿಸಿಲು ಬೀಳುವ ಕಡೆ ಇನ್ನೊಂದು ತಂತಿಯನ್ನು ಕಟ್ಟಿಸಿ. ಮನೆಯ ಹೆಣ್ಣುಮಕ್ಕಳಿಗೆ "ನಿಮ್ಮ ಬಟ್ಟೆಗಳನ್ನು ಇಲ್ಲಿಯೇ ಹಾಕಿ, ಮುಚ್ಚಬೇಕಾಗಿಲ್ಲ" ಎಂದು ನೀವೇ ಬಾಯಿಬಿಟ್ಟು ಹೇಳಿ. ಅವರು ತಾವಾಗಿ ಕೇಳುವುದಿಲ್ಲ, ಕೇಳಲಿ ಎಂದು ಕಾಯಲೂ ಬೇಡಿ. ಎರಡು ಗೂಟ, ಹತ್ತು ಮಾರು ತಂತಿ, ಒಂದು ವಾಕ್ಯ. ಇಷ್ಟರಿಂದ ಒಂದು ಮನೆಯ ಎಷ್ಟು ತುರಿಕೆ, ಎಷ್ಟು ನಿದ್ರೆಯಿಲ್ಲದ ರಾತ್ರಿಗಳು ಕಡಿಮೆಯಾಗಬಹುದೆಂಬುದನ್ನು, ಅದನ್ನು ಅನುಭವಿಸಿದವಳಾಗಿ ನಾನು ಬಲ್ಲೆ.